ಒಂಬತ್ತು ವೋಲ್ಟಿನ ಷಡ್ಜ

ವರ್ಗಾವಣೆಯ ನೌಕರಿಯವನನ್ನು ಮದುವೆಯಾದವಳು ಸಂಗೀತ ಕಲಿಯಲು ಹೋಗಬಾರದು. ಹೊಲಿಗೆ ಕಲಿಯಲಿ, ಬೇಡ ಅನ್ನುವುದಿಲ್ಲ. ಹೊಲಿಗೆ ಮಿಷನ್ನನ್ನು ಲಾರಿಗೆ ಹೇರಿಕೊಂಡು ಹೋಗಬಹುದು. ಸಂಗೀತದ ಮೇಷ್ಟರನ್ನು ಹೇರಿಕೊಂಡು ಹೋಗಲಾಗುವುದಿಲ್ಲ. ತುಮಕೂರಿನಲ್ಲಿ ಹುಡುಗಿಯಾಗಿದ್ದಾಗ ವರ್ಣಗಳವರೆಗೆ ಬಂದಿದ್ದ ನನ್ನ ಪಾಠ ಮದುವೆಯಾದ ಮೇಲೆ ರಾಯಚೂರಿನಲ್ಲಿ ನಿಂತಿತು, ಹೊಸಪೇಟೆಯಲ್ಲಿ ಶುರುವಾಯಿತು, ಕರ್ನೂಲಿನಲ್ಲಿ ಮತ್ತೆ ನಿಂತಿತು. ಹೊಸ ಊರಿನ ಗುರುಗಳು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಹಳೆಯ ಊರಿನ ಗುರುಗಳು ಕಲಿಸಿದ್ದನ್ನು ಮರೆಸುವುದು. ಎಂಬತ್ತೇಳರಲ್ಲಿ ವಿಜಯವಾಡಕ್ಕೆ ವರ್ಗವಾದಾಗ ನಾನು ಹೇಳಿಯೇಬಿಟ್ಟೆ.

"ಇದೇ ಕೊನೆ ರೀ. ಇಲ್ಲಿ ಹಿಡಿದದ್ದು ಇನ್ನೊಂದ್ಸಲ ಕೈಬಿಟ್ಟು ಹೋದ್ರೆ ನಾನು ಮತ್ತೆ ಬಾಯಿ ತೆಗೆಯಲ್ಲ."

"ಅಡುಗೆಮನೇಲೂನಾ?" ಅಂದರು ಇವರು.

ಇವರು ಎಂದರೆ ಅಶ್ವತ್ಥ. ಹಗಲೆಲ್ಲ ಬ್ಯಾಂಕಿನಲ್ಲಿ ಅಧಿಕಾರಿ, ಮನೆಗೆ ಬಂದು ಲುಂಗಿ ಉಟ್ಟ ಮೇಲೆ ಬೇರೆಯೇ ಮನುಷ್ಯ. ಸೋಲ್ಡರಿಂಗ್ ಐರನ್ ಕಾಯಿಸಿಕೊಂಡು, ಮಗಳ ಹಳೆಯ ಟಿಫಿನ್ ಡಬ್ಬಿಗಳಿಗೆ ತೂತು ಕೊರೆದು, ಅದರೊಳಗೆ ಏನನ್ನಾದರೂ ಮಾತಾಡಿಸಲು ನೋಡುತ್ತಿರುತ್ತಾರೆ. ನಮ್ಮ ಮನೆಯಲ್ಲಿ ನೀರು ತುಂಬಿದರೆ ಕೂಗುವ ಡಬ್ಬಿಯಿತ್ತು, ಕತ್ತಲಾದರೆ ಹತ್ತುವ ಡಬ್ಬಿಯಿತ್ತು, ಯಾಕೆ ಇದೆಯೆಂದು ಇವರಿಗೂ ನೆನಪಿಲ್ಲದ ಡಬ್ಬಿಗಳೂ ಇದ್ದವು. ಮಗಳು ಲಕ್ಷ್ಮೀಗೆ ಮಾತ್ರ ಟಿಫಿನ್ ಡಬ್ಬಿ ಸಿಗುತ್ತಿರಲಿಲ್ಲ.

ವಿಜಯವಾಡದ ಪಟಮಟದಲ್ಲಿ ನಾವಿದ್ದ ಬೀದಿಯ ಕೊನೆಯಲ್ಲೇ ರಾಜ್ಯಲಕ್ಷ್ಮಿ ಗಾರು ಇದ್ದರು. ಒಳ್ಳೆಯ ಪಾಠ, ಅದಕ್ಕಿಂತ ಒಳ್ಳೆಯ ಮನಸ್ಸು. ಹಿಂದಿನವರು ಕಲಿಸಿದ್ದನ್ನು ಮರೆಸುವ ಗೋಜಿಗೆ ಹೋಗದೆ, ನಾನು ಎಲ್ಲಿ ನಿಂತಿದ್ದೆನೋ ಅಲ್ಲಿಂದಲೇ ಕೈಹಿಡಿದು ನಡೆಸಿದರು. ಪಾಠದುದ್ದಕ್ಕೂ ತಾವೂ ಜೊತೆಗೆ ಹಾಡುವುದು ಅವರ ಪದ್ಧತಿ. ಮನೆಯಲ್ಲಿ ಸಾಧನೆ ಮಾಡಲು ಶ್ರುತಿ ಬೇಕಲ್ಲ? ತಂಬೂರಿಯನ್ನು ಲಾರಿಗೆ ಹಾಕಿದರೆ ಮುಂದಿನ ಊರಿನಲ್ಲಿ ಸೌದೆಯಾಗಿ ಇಳಿಯುತ್ತದೆ. "ನಾನು ಮಾಡ್ಕೊಡ್ತೀನಿ ಬಿಡು," ಅಂದರು ಇವರು. ಗವರ್ನರ್‌ಪೇಟೆಯಿಂದ ಬಿಡಿಭಾಗಗಳನ್ನು ತಂದು, ಈ ಸಲ ಟಿಫಿನ್ ಡಬ್ಬಿ ಮುಟ್ಟದೆ ಮರದ ಪೆಟ್ಟಿಗೆಯಲ್ಲೇ ಕೂರಿಸಿ, ಸಾ-ಪಾ-ಸಾ ನುಡಿಯುವ ಶ್ರುತಿಪೆಟ್ಟಿಗೆ ಮಾಡಿಕೊಟ್ಟರು. ಮುಂದೆ ಒಂದು ತಿರುಪು. ಅದನ್ನು ತಿರುಗಿಸಿದರೆ ಶ್ರುತಿ ಏರುತ್ತದೆ, ಇಳಿಯುತ್ತದೆ. ನಿಜ ಹೇಳುತ್ತೇನೆ, ಅದು ಮೊದಲ ಸಲ ನುಡಿದಾಗ ನನ್ನ ಕಣ್ಣು ತುಂಬಿತ್ತು. ಒಡವೆ ಮಾಡಿಸಿಕೊಟ್ಟಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಅದರ ಹೊಟ್ಟೆಗೆ ಏನು ಹಾಕಬೇಕೆಂಬ ವಿಷಯದಲ್ಲಿ. ಮೊದಲು ಟಾರ್ಚಿನ ಸೆಲ್ಲು ಹಾಕಿದರು. ಸೆಲ್ಲು ಹೊಸದಿದ್ದಾಗ ಶ್ರುತಿ ಗಟ್ಟಿ. ಹಳೆಯದಾದಂತೆ ಶ್ರುತಿಯೂ ಯಾರಿಗೂ ಹೇಳದೆ ಕೆಳಗೆ ಜಾರುತ್ತಿತ್ತು, ಅದರ ಹಿಂದೆ ನಾನೂ ಜಾರುತ್ತಿದ್ದೆ. ಆಮೇಲೆ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಎಲಿಮಿನೇಟರ್ ತಂದರು. ಸೆಲ್ಲಿನ ಬದಲು ಗೋಡೆಯ ಪ್ಲಗ್ಗಿನಿಂದಲೇ ಕರೆಂಟು ಕೊಡುವ ಡಬ್ಬಿ ಅದು. ಅದನ್ನು ಸಿಕ್ಕಿಸಿದ ಕೂಡಲೇ ಪೆಟ್ಟಿಗೆಯೊಳಗೆ ಹೆಜ್ಜೇನು ಹೊಕ್ಕಂತೆ ಗುಂಯ್ ಅನ್ನತೊಡಗಿತು.

"ಅಂಗಡಿಯವು ಅಷ್ಟೇ. ಪವರ್ ಸಪ್ಲೈ ಅಂದ್ರೆ ನಾವೇ ಮಾಡ್ಕೋಬೇಕು," ಎಂದು ಇವರು ತೋಳೇರಿಸಿದರು.

ಊಟಕ್ಕೆ ಕೂತಾಗಲೂ ಅದೇ ಮಾತು. ಟ್ರಾನ್ಸ್‌ಫಾರ್ಮರು ಕರೆಂಟನ್ನು ಇಳಿಸುತ್ತದೆ, ಕಂಡೆನ್ಸರು ಅದನ್ನು ತುಂಬಿಟ್ಟುಕೊಳ್ಳುತ್ತದೆ, ಕೊನೆಯಲ್ಲಿ ಮೂರು ಕಾಲಿನ ಪುಟ್ಟ ರೆಗ್ಯುಲೇಟರು ಅಳೆದಂತೆ ಒಂಬತ್ತೇ ವೋಲ್ಟು ಕೊಡುತ್ತದೆ. "ತಾರಸಿ ಮೇಲಿನ ತೊಟ್ಟಿ ಇದ್ದ ಹಾಗೆ ಕಣೇ. ತೊಟ್ಟಿ ತುಂಬಿರೋವರ್ಗೂ ನಲ್ಲೀಲಿ ಧಾರೆ ಒಂದೇ ಸಮ. ನೀರು ನಲ್ಲಿ ಮಟ್ಟಕ್ಕೆ ಇಳಿದ್ರೆ ಮಾತ್ರ ಕೊಕ್ ಕೊಕ್ ಅನ್ನುತ್ತೆ."

"ಹಾಗಾದ್ರೆ ತೊಟ್ಟಿ ಸ್ವಲ್ಪ ದೊಡ್ಡದೇ ತನ್ನಿ. ಮಕ್ಕಳಿಗೆ ಬಟ್ಟೆ ತರುವಾಗ ಒಂದು ಸೈಜು ಮೇಲೇ ತರಲ್ವಾ?"

ಅಗತ್ಯಕ್ಕಿಂತ ಹೆಚ್ಚು ಮಂಜೂರು ಮಾಡುವುದು ಇವರ ಜಾಯಮಾನದಲ್ಲೇ ಇಲ್ಲ. ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರಿಗೆ ಮಾಡುವುದನ್ನೇ ಪಾಪದ ಶ್ರುತಿಪೆಟ್ಟಿಗೆಗೂ ಮಾಡಿದರು. ಲೆಕ್ಕ ಹಾಕಿ, ಇಷ್ಟು ಸಾಕೇ ಸಾಕು ಎಂದು ತೀರ್ಮಾನಿಸಿ, ಅಷ್ಟಕ್ಕೆ ಸರಿಯಾಗಿ ಒಂಬತ್ತು ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರನ್ನೇ ತಂದರು. ಗೋಡೆಯಲ್ಲಿ ಬರಬೇಕಾದಷ್ಟು ಕರೆಂಟು ಬರುತ್ತದೆ ಎಂದು ನಂಬಿ ಹಾಕಿದ ಲೆಕ್ಕ ಅದು. ಪಟಮಟದಲ್ಲಿ ಬೆಳಗಾದರೆ ಬೀದಿಯ ಅಷ್ಟೂ ಮನೆಯವರು ನೀರಿನ ಮೋಟರು ಹಾಕುತ್ತಿದ್ದರು. ಬಲ್ಬು ಕೆಂಪಗಾಗುತ್ತಿತ್ತು, ಫ್ಯಾನು ತೂಕಡಿಸುತ್ತಿತ್ತು. ನಾನು ಸಾಧನೆಗೆ ಕೂರುವುದೂ ಅದೇ ಹೊತ್ತಿಗೆ. ಗುಂಯ್ ಎಂಬ ಸದ್ದು ಮತ್ತೆ ಹಾಜರ್.

"ನಾನ್ ಹೇಳ್ಲಿಲ್ವಾ, ದೊಡ್ಡದು ತನ್ನಿ ಅಂತ?"

"ಅದರ ದೋಷ ಅಲ್ಲ ಅದು," ಅಂದರು ಇವರು. ದೊಡ್ಡದು ತಂದರೆ ನನ್ನ ಮಾತು ಸರಿಯೆಂದು ಒಪ್ಪಿದಂತಾಗುತ್ತಿತ್ತಲ್ಲ? ಕಂಡೆನ್ಸರನ್ನು ಬದಲಾಯಿಸಿದರು, ತಂತಿಗಳನ್ನು ಹೆಣೆದರು, ಡಬ್ಬಿಯನ್ನು ಪೆಟ್ಟಿಗೆಯಿಂದ ದೂರ ಇಟ್ಟರು, ಇನ್ನೂ ದೂರ ಇಟ್ಟರು. ಒಂದು ಬೆಳಿಗ್ಗೆ ನಾನು ಕೂತಾಗ ಗುಂಯ್ ಇರಲಿಲ್ಲ. ಶ್ರುತಿ ತುಂಬಿಕೊಂಡು, ನೆಲದಿಂದಲೇ ಎದ್ದು ಬರುತ್ತಿರುವಂತಿತ್ತು. ಅಂಥ ಶ್ರುತಿಯನ್ನು ನಾನು ತಂಬೂರಿಯಲ್ಲೂ ಕೇಳಿರಲಿಲ್ಲ.

"ಹೋಯ್ತಲ್ರೀ! ಏನ್ ಮಾಡಿದ್ರಿ?"

"ಏನೋ ಒಂದು ಮಾಡ್ದೆ," ಎಂದು ಇವರು ಗಡ್ಡಕ್ಕೆ ಸೋಪು ಹಚ್ಚಿಕೊಂಡರು.

ಆಮೇಲೆ ನನ್ನ ಹಾಡು ಕುದುರಿತು. ಪೆಟ್ಟಿಗೆಯ ಮುಂದೆ ಕೂತರೆ ಷಡ್ಜ ತಾನಾಗಿ ಬಂದು ಕೂರುತ್ತಿತ್ತು. ಒಂದೇ ಕಿರಿಕಿರಿಯೆಂದರೆ ದಿನಾ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಇವರು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತಿರುಪನ್ನು ತಿರುಚುತ್ತಿದ್ದರು. "ನೆಟ್ಟಗಿರೋದನ್ನ ಯಾಕೆ ಕೆಣಕ್ತೀರಿ? ಅದನ್ನ ಮುಟ್ಟದಿದ್ರೆ ನಿಮಗೆ ಕಾಫಿ ಇಳಿಯಲ್ವಾ?" ಎಂದು ದಿನಾ ಬೈಯುತ್ತಿದ್ದೆ. ಇವರು ದಿನಾ ಎದ್ದು ಹೋಗುತ್ತಿದ್ದರು.

ಹೀಗೆ ಹಾಡು ಕೈಗೆ ಹತ್ತಿದ ಹೊತ್ತಿಗೆ, ಬ್ಯಾಂಕಿನವರು ಹೊಂಚುಹಾಕಿ ಕಾದಿದ್ದವರಂತೆ, ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು.

ನಾನು ಅತ್ತೆ. ರಾಜ್ಯಲಕ್ಷ್ಮಿ ಗಾರೂ ಅತ್ತರು. ಆಮೇಲೆ ಮೂಗೊರೆಸಿಕೊಂಡು, "ವಿಶಾಖದಲ್ಲಿ ನಮ್ಮ ಗುರುಗಳಿದ್ದಾರೆ, ಸೂರ್ಯಕಾಂತಮ್ಮ ಗಾರು. ಈಗ ಹೊಸಬರನ್ನ ತಗೊಳ್ಳಲ್ಲ. ನಿನ್ನ ವಿಷಯ ಹೇಳಿಕಳಿಸ್ತೀನಮ್ಮಾ. ಒಂದು ಸಲ ಕೇಳ್ತಾರೆ. ಒಂದೇ ಸಲ. ಎರಡನೇ ಸಲ ಕೇಳೋದು ಅವರ ಪದ್ಧತಿ ಅಲ್ಲ," ಅಂದರು. ಆ ಒಂದು ಸಲಕ್ಕೇ ನನ್ನ ಸಂಗೀತವೆಲ್ಲ ತೂಗುಹಾಕಿಕೊಂಡಿತು. ಅವರು ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ನಾನಾಡಿದ ಮಾತಿಗೆ ನಾನು ತಪ್ಪುವವಳಲ್ಲ ಎಂಬುದು ಇವರಿಗೂ ಗೊತ್ತಿತ್ತು.

ವಿಶಾಖಪಟ್ಟಣದ ಗಾಜುವಾಕದಲ್ಲಿ ಮನೆ ಸಿಕ್ಕಿತು. ಸಾಮಾನು ಬಿಚ್ಚುವ ಮೊದಲೇ ಇವರು ಶ್ರುತಿಪೆಟ್ಟಿಗೆ ಬಿಚ್ಚಿ ಪ್ಲಗ್ಗಿಗೆ ಸಿಕ್ಕಿಸಿದರು. ಮೀಟರು ಹಿಡಿದು ನೋಡಿ ಮುಖವರಳಿಸಿದರು.

"ಸುಮಿತ್ರಾ, ಬಾ ಇಲ್ಲಿ! ಏನ್ ಕರೆಂಟು ಅಂತೀಯ! ಸ್ಟೀಲ್ ಪ್ಲಾಂಟಿನ ಪಕ್ಕ ಇರೋದು ಸುಮ್ನೆ ಅಲ್ಲ. ತೊಟ್ಟಿ ತುಂಬಿ ತುಳುಕ್ತಿದೆ. ಕೇಳು, ಹೇಗಿದೆ ನೋಡು ಸದ್ದು, ಕಾಸಿ ಸೋಸಿದ ತುಪ್ಪ!"

ಶ್ರುತಿ ಬಹಳ ಶುದ್ಧವಾಗಿತ್ತು. ಮರುದಿನ ಸಾಧನೆಗೆ ಕೂತೆ. ಸಾ ಎಂದೆ. ಸಾ ನಿಲ್ಲಲಿಲ್ಲ.

ಹೇಗೆ ಹೇಳಲಿ? ಮೆಟ್ಟಿಲಿಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟರೆ ಇಲ್ಲದಿರುತ್ತದಲ್ಲ, ಹಾಗಾಯಿತು. ದನಿ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು, ಕೂರಲು ಜಾಗ ಸಿಗುತ್ತಿರಲಿಲ್ಲ. ಸಮುದ್ರದ ಗಾಳಿ ಅಂದುಕೊಂಡೆ. ಕಷಾಯ ಕುಡಿದೆ, ಮೊಸರು ಬಿಟ್ಟೆ, ತಲೆಗೆ ಮಫ್ಲರ್ ಸುತ್ತಿಕೊಂಡು ಮಲಗಿದೆ. ಬಂದರಿನ ಧೂಳನ್ನು ಬೈದೆ, ಬ್ಯಾಂಕನ್ನು ಬೈದೆ, ಎದುರಿಗೆ ಸುಲಭವಾಗಿ ಸಿಗುತ್ತಿದ್ದ ಇವರನ್ನು ಎಲ್ಲರಿಗಿಂತ ಹೆಚ್ಚು ಬೈದೆ. ಸೂರ್ಯಕಾಂತಮ್ಮನವರ ಮನೆಗೆ ಹೋಗುವ ದಿನ ಹತ್ತಿರವಾದಂತೆ ನನ್ನ ಷಡ್ಜ ದೂರವಾಯಿತು.

ಒಂದು ಶನಿವಾರ ಮಧ್ಯಾಹ್ನ ಪೆಟ್ಟಿಗೆ ಆರಿಸಿ ಮುಚ್ಚಿಟ್ಟೆ. "ನಾನು ಹೋಗಲ್ಲ ರೀ. ಹೇಳಿಕಳಿಸಿಬಿಡಿ. ನನ್ನ ಹಣೇಲಿ ಬರೆದಿಲ್ಲ," ಎಂದು ಅಡುಗೆಮನೆ ಸೇರಿದೆ. ಬೇರೆ ದಿನವಾಗಿದ್ದರೆ ಇವರು ಏನಾದರೂ ಕೀಟಲೆ ಮಾಡುತ್ತಿದ್ದರು. ಅಂದು ಹೋಗಿ ಮುಚ್ಚಿಟ್ಟ ಪೆಟ್ಟಿಗೆಯ ಮುಂದೆ ಕೂತರು.

ಮರುದಿನ ಮಗಳ ಜೊತೆ ತರಕಾರಿಗೆ ಹೋಗಿ ಬಂದಾಗ ಮನೆಯಲ್ಲಿ ಸೋಲ್ಡರ್ ಕರಗಿದ ವಾಸನೆ. ಇವರು ನೆಲದ ಮೇಲೆ ಕೂತಿದ್ದರು. ಮುಂದೆ ಆ ಪವರ್ ಸಪ್ಲೈ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಹೆಬ್ಬೆರಳಿನ ಗಾತ್ರದ ಕಂಡೆನ್ಸರು ಕಿತ್ತು ಪಕ್ಕಕ್ಕಿಟ್ಟಿತ್ತು. ಆ ಕಂಡೆನ್ಸರಿಗಾಗಿ ಇವರು ವಿಜಯವಾಡದ ಅಂಗಡಿಗಳನ್ನೆಲ್ಲ ಸುತ್ತಿದ್ದು ನನಗೆ ಗೊತ್ತು.

"ಏನ್ ಮಾಡ್ತಿದೀರಿ? ಚೆನ್ನಾಗಿ ನಡೀತಿದ್ದದ್ದನ್ನ ಯಾಕ್ ಬಿಚ್ಚಿದ್ರಿ?"

"ಕೆಡಿಸ್ತಿದೀನಿ," ಅಂದರು.

ಕಿತ್ತ ಜಾಗಕ್ಕೆ ಕಡಲೆಕಾಳಿನಷ್ಟು ಸಣ್ಣ ಕಂಡೆನ್ಸರೊಂದನ್ನು ಬೆಸೆದು, ಪ್ಲಗ್ಗಿಗೆ ಹಾಕಿದರು. ಶ್ರುತಿಪೆಟ್ಟಿಗೆ ನುಡಿಯಿತು. ಅದರ ಅಡಿಯಿಂದ ಗುಂಯ್ ಎದ್ದಿತು. ಇವರು ತಲೆ ಬಗ್ಗಿಸಿ, ತಿರುಪನ್ನು ನೂಲಿನಷ್ಟು ನೂಲಿನಷ್ಟು ತಿರುಗಿಸಿದರು. ಎರಡು ಸದ್ದೂ ಒಂದಕ್ಕೊಂದು ತಾಗಿ ಅಲೆಯಲೆಯಾಗಿ ನಡುಗುತ್ತಿದ್ದವು. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಗುಂಯ್ ಮಾಯವಾಯಿತು. ಪಟಮಟದ ಶ್ರುತಿ, ನೆಲದಿಂದ ಎದ್ದು ಬರುವ ಅದೇ ಶ್ರುತಿ, ನಮ್ಮ ಗಾಜುವಾಕದ ಮನೆಯಲ್ಲಿ ತುಂಬಿಕೊಂಡಿತು. ತರಕಾರಿ ಚೀಲ ಹಿಡಿದುಕೊಂಡೇ ನಾನು ಸಾ ಎಂದೆ. ಸಾ ನಿಂತಿತು.

"ಅಲ್ಲಿ ಗುಂಯ್ ಹೋಗಿರ್ಲಿಲ್ಲ ಕಣೇ," ಅಂದರು ಇವರು, ನೆಲ ನೋಡಿಕೊಂಡು. "ಅದನ್ನ ತೆಗೆಯೋಕೆ ನನ್ನ ಕೈಲಾಗ್ಲಿಲ್ಲ. ನಿನ್ನ ಕೆಳಗಿನ ಷಡ್ಜಕ್ಕೂ ಅದಕ್ಕೂ ಕೂದಲೆಳೆ ಅಂತರ ಇತ್ತು. ಗುಂಯ್ ಅನ್ನ ಶ್ರುತಿಗೆ ತರೋಕಾಗಲ್ಲ, ಶ್ರುತಿನೇ ಗುಂಯ್ ಹತ್ರ ತಂದೆ. ಎರಡೂ ಒಂದಾದ್ರೆ ಯಾರಿಗೆ ಗೊತ್ತಾಗುತ್ತೆ?"

"ಮತ್ತೆ ದಿನಾ ತಿರುಚ್ತಿದ್ರಲ್ಲ?"

"ಕರೆಂಟು ದಿನಾ ಒಂದೇ ಥರ ಇರ್ತಿರ್ಲಿಲ್ಲ. ಗುಂಯ್ ಸ್ವಲ್ಪ ಮೇಲೆ ಕೆಳಗೆ ಆಗ್ತಿತ್ತು. ನೀನು ಬರೋದ್ರೊಳಗೆ ಸರಿ ಮಾಡಿಡ್ತಿದ್ದೆ."

ನನಗೆ ಮೊದಲು ಬಂದದ್ದು ಸಿಟ್ಟೇ. ಅಷ್ಟು ದಿನ ನಾನು ಹಾಡಿದ್ದು ಬೀದಿಯ ನೀರಿನ ಮೋಟರುಗಳ ಜೊತೆಗೇ ಅಂದಹಾಗಾಯಿತಲ್ಲ! ಅದನ್ನೇ ಹೇಳಲು ಬಾಯಿ ತೆರೆದೆ. ಆಗ ಕಣ್ಣಿಗೆ ಕಟ್ಟಿದ್ದು, ಪಟಮಟದ ಅಷ್ಟೂ ಬೆಳಗುಗಳಲ್ಲಿ ಕುಕ್ಕರುಗಾಲಿನಲ್ಲಿ ಕೂತು, ನನ್ನ ಬೈಗುಳ ಬರುವ ಮೊದಲು ಅಲೆ ನಿಲ್ಲಿಸಲು ನೋಡುತ್ತಿದ್ದ ಈ ಮನುಷ್ಯ. ಈಗ ನೋಡಿದರೆ ತನ್ನ ಕೈಯಾರೆ ಮಾಡಿದ, ಊರಿಗೆಲ್ಲ ತೋರಿಸಿ ಬೀಗಬಹುದಾಗಿದ್ದ ತುಪ್ಪದಂಥ ಪವರ್ ಸಪ್ಲೈಯನ್ನು ನನಗಾಗಿ ಹಾಳುಮಾಡಿಕೊಂಡು ಕೂತಿದ್ದರು. ಪ್ರೀತಿ ಉಕ್ಕಿ ಬಂತು. ಹೇಳಲು ನಾಚಿಕೆಯೇನಿಲ್ಲ, ಅಲ್ಲೇ ಪಕ್ಕದಲ್ಲಿ ಕೂತು ಇವರ ತೋಳಿಗೆ ತಲೆಯಾನಿಸಿದೆ. "ಐರನ್ ಇನ್ನೂ ಕಾದಿದೆ, ಹುಷಾರು," ಅಂದರು ಇವರು.

ಹೋಗುವ ದಿನ ಬಸ್ಸಿನಲ್ಲಿ ಶ್ರುತಿಪೆಟ್ಟಿಗೆ ನನ್ನ ತೊಡೆಯ ಮೇಲೆ, ಕೆಡಿಸಿದ ಪವರ್ ಸಪ್ಲೈ ಇವರ ತೊಡೆಯ ಮೇಲೆ. ಬಂದರಿನ ಪಕ್ಕ ಹೋಗುವಾಗ ಅದಿರಿನ ಕೆಂಪು ಧೂಳು ಕಿಟಕಿಯಿಂದ ನುಗ್ಗಿತು. ಇವರು ಕರ್ಚೀಫು ತೆಗೆದು ತಮ್ಮ ಮೂಗಿಗೆ ಹಿಡಿಯದೆ ಡಬ್ಬಿಗೆ ಮುಚ್ಚಿದರು.

ಸೂರ್ಯಕಾಂತಮ್ಮನವರ ಮನೆ ಮಹಾರಾಣಿಪೇಟೆಯಲ್ಲಿ. ಎಪ್ಪತ್ತು ದಾಟಿದ ಸಣ್ಣ ದೇಹ, ಬೆತ್ತದ ಕುರ್ಚಿ, ಕೈಯಲ್ಲಿ ತಾಳೆಗರಿಯ ಬೀಸಣಿಗೆ. ತಾಯಿಯ ಕಡೆ ಬಳ್ಳಾರಿಯವರಂತೆ. ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡಿದರು. "ರಾಜ್ಯಂ ನಿನ್ನ ವಿಷಯ ಹೇಳಿದಾಳೆ. ಕೂಚೋ ಅಮ್ಮಾ. ನಿನ್ನ ಪೆಟ್ಟಿಗೆ ಇಟ್ಕೊಂಡೇ ಹಾಡು."

ಇವರು ಪ್ಲಗ್ಗು ಹುಡುಕಿ ಸಿಕ್ಕಿಸಿ, ತಿರುಪು ತಿರುಗಿಸಿ, ಅಲೆ ನಿಂತ ಮೇಲೆ ಬಾಗಿಲ ಹತ್ತಿರ ಹೋಗಿ ನಿಂತರು. ನಾನು ಹಾಡಿದೆ. ಚೆನ್ನಾಗಿಯೇ ಹಾಡಿದೆ ಅನ್ನಿಸಿತು. ಪಲ್ಲವಿ ಮುಗಿಯುವ ಮೊದಲೇ ಬೀಸಣಿಗೆ ಮೇಲೆದ್ದಿತು.

"ಆಪು, ನಿಲ್ಲಿಸು. ಇದರಲ್ಲಿ ಇಬ್ಬರಿದಾರೆ ಕದಾ? ಒಬ್ಬ ಹಾಡ್ತಾನೆ, ಇನ್ನೊಬ್ಬ ಕೆಳಗೆ ಕೂತು ಮುಲುಗ್ತಾನೆ. ನೀನು ಮುಲುಗೋವನ ಕೈ ಹಿಡ್ಕೊಂಡು ನಡೀತಿದೀಯ."

ಇವರು ಬಾಗಿಲಿಂದ ಮುಂದೆ ಬಂದು ಕೈ ಕಟ್ಟಿ ನಿಂತರು. "ಅದು ನನ್ನ ತಪ್ಪಮ್ಮಾ. ಟ್ರಾನ್ಸ್‌ಫಾರ್ಮರು ಸಣ್ಣದು ತಂದೆ. ಇವಳು ದೊಡ್ಡದು ತನ್ನಿ ಅಂದಿದ್ಳು," ಎಂದು ಶುರುಮಾಡಿ ಎಲ್ಲವನ್ನೂ ಹೇಳಿದರು, ಮೋಟರು, ತಿರುಪು, ಮೊನ್ನೆ ಬೇಕೆಂದೇ ಕೆಡಿಸಿದ್ದು, ಎಲ್ಲ. ಸೂರ್ಯಕಾಂತಮ್ಮ ಬೀಸಣಿಗೆ ಆಡಿಸದೆ ಕೇಳಿದರು. ಕೇಳಿದ ಮೇಲೆ, "ಪ್ಲಗ್ಗು ತೆಗೀರಿ," ಅಂದರು.

ಇವರು ತೆಗೆದರು. ಕೋಣೆಯೇ ಖಾಲಿಯಾದಂತಾಯಿತು.

"ಈಗ ಸಾ ಅನ್ನಮ್ಮಾ."

ಅಂದೆ. ಗಾಜುವಾಕದಲ್ಲಿ ಆದದ್ದೇ ಆಯಿತು. ದನಿ ತಡವರಿಸಿತು, ಜಾರಿತು. ಮತ್ತೆ ಅಂದೆ, ಮತ್ತೆ ಜಾರಿತು. ಒಂದೇ ಸಲ ಕೇಳುವ ಆ ಒಂದು ಸಲ ನನ್ನ ಕಣ್ಣೆದುರೇ ಮುಗಿದುಹೋಗುತ್ತಿತ್ತು. ಕಣ್ಣೀರು ಬಂದುಬಿಟ್ಟಿತು, ಸೆರಗು ಹುಡುಕಿದೆ.

ಸೂರ್ಯಕಾಂತಮ್ಮ ನನ್ನನ್ನು ಬಿಟ್ಟು ಇವರ ಕಡೆ ತಿರುಗಿದರು. "ಏನಂಡೀ, ದಿನಾ ಬೆಳಿಗ್ಗೆ ಆ ಮುಲುಗಾಟ ಕೇಳಿ ಕೇಳಿ ಸರಿ ಮಾಡ್ತಿದ್ರಿ ಅಂದ್ರಲ್ಲ. ಅದು ಕಿವಿಯಲ್ಲಿ ಇದೆಯಾ ಇನ್ನೂ?"

"ಇದೆ ಅಮ್ಮಾ."

"ಹಾಗಾದ್ರೆ ನೀವು ಅನ್ನಿ. ಅಲ್ಲಿ ಕೂತ್ಕೊಳ್ಳಿ, ಆಕೆ ಪಕ್ಕ. ಬಾಯಿ ಮುಚ್ಚಿಕೊಂಡು ಅನ್ನಿ."

ಬ್ಯಾಂಕಿನ ಅಧಿಕಾರಿ, ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಪೆನ್ನು. ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಕೂತು, ಕಿವಿಯವರೆಗೂ ಕೆಂಪಾಗಿ, ಕಣ್ಣು ಮುಚ್ಚಿ, ಇವರು ಮ್ ಎಂದರು. ಮೊದಲು ದನಿ ಒಡಕಾಗಿ ಬಂತು. ಗಂಟಲು ಸರಿಮಾಡಿಕೊಂಡು ಮತ್ತೆ ಅಂದರು. ಆಗ ಅದು ಬಂತು. ಪಟಮಟದ ಬೆಳಗಿನ ಅದೇ ಸದ್ದು, ಅದೇ ಜಾಗದಲ್ಲಿ, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. ನಾನು ಅದರ ಮೇಲೆ ಕಾಲಿಟ್ಟೆ. ಷಡ್ಜ ನಿಂತಿತು.

ಇವರ ಉಸಿರು ಮುಗಿದಾಗ ನಾನು ಹಿಡಿದುಕೊಂಡೆ, ನನ್ನ ಉಸಿರು ಮುಗಿದಾಗ ಇವರು ಹಿಡಿದುಕೊಂಡರು. ಒಂದಷ್ಟು ಹೊತ್ತು ಹಾಗೇ ನಡೆಯಿತು. ಸೂರ್ಯಕಾಂತಮ್ಮ ಇವರಿಗೆ ಸಾಕು ಎಂದು ಸನ್ನೆ ಮಾಡಿದರು. ಇವರು ಒಂದು ಕಣ್ಣು ತೆರೆದು ನೋಡಿದರು, ನೋಡಿಯೂ ನಿಲ್ಲಿಸಲಿಲ್ಲ. ತಲೆಯಾಡಿಸಿ ಇನ್ನೂ ಗಟ್ಟಿಯಾಗಿ ಮ್ ಅಂದರು. ಅವರು ಮತ್ತೆ ಸನ್ನೆ ಮಾಡಿದರು. ಇವರ ಕತ್ತಿನ ನರ ಉಬ್ಬಿತ್ತು, ಹಣೆಯಲ್ಲಿ ಬೆವರು, ಉಸಿರು ಕೊನೆಗೆ ಬಂದಿತ್ತು, ಆದರೂ ಬಿಡಲೊಲ್ಲರು.

ಸೂರ್ಯಕಾಂತಮ್ಮ ಬೀಸಣಿಗೆಯಿಂದ ಇವರ ಮಂಡಿಗೆ ಒಂದು ಏಟು ಕೊಟ್ಟರು. "ಬಿಡವಯ್ಯಾ! ಆಕೆ ಆಗಲೇ ನಿಂತಿದಾಳೆ."

ಇವರು ಬಿಟ್ಟರು. ಉಸಿರು ಸಿಗದೆ ಕೆಮ್ಮಿದರು. ಕೋಣೆಯಲ್ಲಿ ಉಳಿದದ್ದು ನನ್ನ ದನಿ ಒಂದೇ. ಅದು ಜಾರಲಿಲ್ಲ.

"ಶುಕ್ರವಾರದಿಂದ ಬಾ," ಎಂದರು ಅವರು. ಇವರು ಕರ್ಚೀಫು ತೆಗೆದು ಹಣೆಯೊರೆಸಿ, ಹಾಗೇ ಕಣ್ಣನ್ನೂ ಒರೆಸಿಕೊಂಡರು. ನಾನು ಇವರನ್ನೇ ನೋಡುತ್ತ, ಉಸಿರಿರುವವರೆಗೂ ಆ ಷಡ್ಜವನ್ನು ಹಿಡಿದುಕೊಂಡೇ ಇದ್ದೆ.